ಕೊಗ್ಗ ಮಾವನ ಎಣ್ಣೆ

ರೂವಿ,
17 ಜೂನ್ 1986

ಪ್ರೀತಿಯ ದೇಜಪ್ಪ,

ನಾವು ಕ್ಷೇಮ ಎಂದು ಬರೆದರೆ ಡೊರೊತಿ ಮೂಗು ಮುರಿಯುತ್ತಾಳೆ. ಎ.ಸಿ. ಕೆಟ್ಟು ನಾಲ್ಕು ದಿನವಾಯಿತು, ಹೆಂಡತಿಯ ಸಿಟ್ಟು ಮಸ್ಕತ್ತಿನ ಬಿಸಿಲಿಗಿಂತ ಮೇಲಿದೆ. ಅದೊಂದು ಬಿಟ್ಟರೆ ಕ್ಷೇಮವೇ. ಈಗ ವಿಷಯಕ್ಕೆ ಬರುತ್ತೇನೆ, ಕೂತಿದ್ದರೆ ಎದ್ದು ನಿಲ್ಲು.

ನಿನ್ನ ಸಲೀಂ ಆಯ್ಕೆಯಾಗಿದ್ದಾನೆ. ಸೆಪ್ಟೆಂಬರಿನಲ್ಲಿ ಸಿಯೋಲಿನಲ್ಲಿ ಶುರುವಾಗುವ ಏಷ್ಯನ್ ಕ್ರೀಡಾಕೂಟಕ್ಕೆ ಒಮಾನಿನಿಂದ ಹೋಗುವವರ ಪಟ್ಟಿಯನ್ನು ನಿನ್ನೆ ನಮ್ಮ ಕ್ರೀಡಾ ಕಚೇರಿಯಲ್ಲಿ ನಾನೇ ಟೈಪ್ ಮಾಡಿದೆ. ನಾನೂರು ಮೀಟರ್ ಓಟದ ಎದುರು ಅವನ ಹೆಸರು. ದೊಡ್ಡ ದೇಶದವರು ವಿಮಾನ ತುಂಬ ಜನ ಕಳಿಸುವ ಕಡೆ ನಮ್ಮದು ಒಂದು ಬಸ್ಸಿಗೆ ಹಿಡಿಸುವಷ್ಟು ತಂಡ. ‘ನಮ್ಮದು’ ಎಂದು ಬರೆದುಬಿಟ್ಟೆ ನೋಡು. ಒಂಬತ್ತು ವರ್ಷ ಇಲ್ಲಿನ ಉಪ್ಪು ತಿಂದ ಮೇಲೆ ಕೈ ಹಾಗೆಯೇ ಬರೆಯುತ್ತದೆ.

ಮುಖ್ಯ ಸಂಗತಿ ಇದಲ್ಲ. ಬೌಷರ್‌ನ ಕ್ರೀಡಾಂಗಣದಲ್ಲಿ ಆಯ್ಕೆಯ ದಿನ ತಂಡದ ಮ್ಯಾನೇಜರರು ಸಲೀಂನ ಹತ್ತಿರ, ಹೋದ ವರ್ಷ ತೊಡೆಯ ಸ್ನಾಯು ಹರಿದು ಮಲಗಿದ್ದವನು ನೀನು, ಯಾರ ಹತ್ತಿರ ಮದ್ದು ಮಾಡಿಸಿದೆ ಎಂದು ಕೇಳಿದರು. ಸಹಮ್‌ನಲ್ಲಿ ತೋಟದ ಪಂಪ್ ರಿಪೇರಿ ಮಾಡುವ ಇಂಡಿಯಾದವನು ಎಂದ. ಎಲ್ಲರೂ ನಕ್ಕರು. ಇವನು ನಗಲಿಲ್ಲ. ಆಗ ನಾನು ಟೈಪ್ ಮಿಷಿನ್ ಬಿಟ್ಟು ಎದ್ದು ನಿಂತು, ಸಾರ್, ಅವನು ನನ್ನ ಜೊತೆ ಶಿರ್ವದ ಶಾಲೆಯಲ್ಲಿ ಕಲಿತವನು, ಎಪ್ಪತ್ತೆಂಟರಲ್ಲಿ ನಾನು ಮುತ್ರಾದ ಮೆಟ್ಟಿಲಿನಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಬಿದ್ದಾಗ ಈ ಎಡ ಮೊಣಕಾಲನ್ನು ಒಂಬತ್ತು ಸಂಜೆ ಎಣ್ಣೆ ಹಾಕಿ ತಿಕ್ಕಿ ಸರಿ ಮಾಡಿದವನು ಎಂದೆ. ಪ್ಯಾಂಟು ಮೇಲೆತ್ತಿ ಮೊಣಕಾಲನ್ನೂ ತೋರಿಸಿದೆ.

ಮಾಲೀಶಿನವನಿಗೆ ತಂಡದಲ್ಲಿ ಒಂದು ಜಾಗ ಇದೆ. ನಿನ್ನ ಹೆಸರು ಬರೆದುಕೊಂಡಿದ್ದಾರೆ. ಫಾರಂ ಇದರೊಟ್ಟಿಗೆ ಇದೆ. ನಿನ್ನ ಧಣಿ ಕಫೀಲನ ಒಪ್ಪಿಗೆ ಪತ್ರ, ಎರಡು ಫೋಟೊ ಕಳಿಸು. ಏಳನೆಯ ಕಾಲಂನಲ್ಲಿ ನೀನು ಬಳಸುವ ಎಣ್ಣೆಯಲ್ಲಿ ಏನೇನಿದೆ ಎಂದು ಬರೆಯಬೇಕು. ಕನ್ನಡದಲ್ಲಿ ಬರೆದರೆ ಸಾಕು, ಇಂಗ್ಲಿಷು ನಾನು ಮಾಡುತ್ತೇನೆ.

ವಿಮಾನದಲ್ಲಿ ಕಿಟಕಿ ಸೀಟು ನನಗೆ ಬೇಡ, ನಾನು ಹೇಗೂ ಬರುವವನಲ್ಲ. ನೀನೇ ಕೂರು.

ನಿನ್ನ,
ಬೊನಿಫಾಸ್

~

ಸಹಮ್,
27 ಜೂನ್ 1986

ಪ್ರೀತಿಯ ಬೊನಿ,

ನಿನ್ನ ಕಾಗದ ಟ್ಯಾಕ್ಸಿಯ ಹಮದ್ ತಂದುಕೊಟ್ಟ. ಆಗ ನಾನು ಲಿಂಬೆ ತೋಟದ ಬಾವಿಯಲ್ಲಿ ಸೊಂಟದವರೆಗೆ ಕೆಸರಿನಲ್ಲಿದ್ದೆ. ಅಲ್ಲೇ ಓದಿದೆ. ಕಾಗದದ ಒಂದು ಮೂಲೆಗೆ ಗ್ರೀಸ್ ತಾಗಿತು, ಕ್ಷಮಿಸು.

ಈ ದೇಶದಲ್ಲಿ ಇಷ್ಟು ವರ್ಷ ನನ್ನನ್ನು ಯಾರಾದರೂ ಕರೆದರೆ ಪಂಪು ನಿಂತಿದೆ ಎಂದು ಅರ್ಥ. ಮೊದಲ ಸಲ ನನ್ನ ಕೈಗೆ ಬೇರೆ ಕೆಲಸ ಗೊತ್ತಿದೆ ಎಂದು ಒಂದು ಸರಕಾರಿ ಕಾಗದದಲ್ಲಿ ಬಂತು. ಅದು ನಿನ್ನಿಂದಾಗಿ ಬಂತು. ಬಾಯಿಬಿಟ್ಟು ಹೇಳುವವನಲ್ಲ ನಾನು, ಆದರೆ ಬರೆಯಲು ನಾಚಿಕೆಯಿಲ್ಲ: ಕಣ್ಣು ಒದ್ದೆಯಾಯಿತು. ಕಫೀಲ್ ಕೂಡ ಯಲ್ಲಾ, ಹೋಗು, ನನ್ನ ಹೆಸರೂ ಹೇಳು ಎಂದು ಸಹಿ ಹಾಕಿದ. ಅಮ್ಮ ಈಗ ಕಟಪಾಡಿಯಲ್ಲಿ ತಂಗಿ ಸುಂದರಿಯ ಮನೆಯಲ್ಲಿದ್ದಾಳೆ. ಎರಡು ಬಾಟಲಿ ಎಣ್ಣೆ ಹೆಚ್ಚಿಗೆ ಕಳಿಸಲು ಬರೆದಿದ್ದೇನೆ.

ಏಳನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ನಮ್ಮಲ್ಲಿ ಮದ್ದಿನ ಸೊಪ್ಪು ಬೇರಿನ ಹೆಸರು ಹೇಳುವ ಕ್ರಮ ಇಲ್ಲ, ಹೇಳಿದರೆ ಗುಣ ಹೋಗುತ್ತದೆ ಎಂದು ನಿನಗೂ ಗೊತ್ತು. ಸೋದರಮಾವ ಸೋದರಳಿಯನಿಗೆ ಹೇಳಬೇಕು, ಅದೂ ಕೊನೆಯ ಹೊತ್ತಿಗೆ, ಕಿವಿಯಲ್ಲಿ. ನಾನು ಕಂಬಳದಲ್ಲಿ ಕೋಣ ಓಡಿಸುತ್ತಿದ್ದಾಗ ಕೊಗ್ಗ ಮಾವ ಮೊದಲು ಕೋಣಗಳ ಕಾಲಿಗೆ, ಆಮೇಲೆ ನನ್ನ ಕಾಲಿಗೆ ಇದೇ ಎಣ್ಣೆ ಹಾಕುತ್ತಿದ್ದರು. ಬಾಟಲಿ ಮುಚ್ಚುವಾಗ ನನಗೂ ಕಾಣದ ಹಾಗೆ ಅತ್ತ ಮುಖ ತಿರುಗಿಸುತ್ತಿದ್ದರು. ಅವರು ನನಗೆ ನಂಬಿ ಕೊಟ್ಟದ್ದನ್ನು ನೀನು ಟೈಪ್ ಮಾಡಿ ಹತ್ತು ಜನರ ಮೇಜಿನ ಮೇಲಿಡುವುದು ಆಗುವ ಮಾತಲ್ಲ. ‘ಗಿಡಮೂಲಿಕೆ’ ಎಂದು ಒಂದು ಶಬ್ದ ಹಾಕಿ ಮುಗಿಸು.

ನಿನ್ನ,
ದೇಜಪ್ಪ

~

ರೂವಿ,
9 ಜುಲೈ 1986

ಪ್ರೀತಿಯ ದೇಜಪ್ಪ,

ಒಂದು ಶಬ್ದ ಹಾಕಿದೆ. ಒಂದು ಶಬ್ದಕ್ಕೆ ಒಂದು ತಾಸು ಬೈಸಿಕೊಂಡೆ.

ತಂಡದ ಜೊತೆ ಹೋಗುವ ಡಾಕ್ಟರ್ ಬಾಲಸುಬ್ರಹ್ಮಣ್ಯ ಎಂಬವರು ಬಂದಿದ್ದಾರೆ. ಮದುರೆಯ ಕಡೆಯವರು, ಒಳ್ಳೆಯವರು, ಆದರೆ ನೀರು ಕುಡಿಯುವ ಮೊದಲೂ ಲೋಟ ಮೂಸಿ ನೋಡುವ ಜಾತಿ. ಅವರು ಹೇಳುವುದು ಇಷ್ಟು: ಅಲ್ಲಿ ಓಡಿದವರ ಮೂತ್ರ ಪರೀಕ್ಷೆ ಆಗುತ್ತದೆ. ಬೇಡದ್ದೇನಾದರೂ ಸಿಕ್ಕಿದರೆ ಹುಡುಗನನ್ನು ವಾಪಸು ಕಳಿಸುತ್ತಾರೆ, ಪತ್ರಿಕೆಗಳಲ್ಲಿ ದೇಶದ ಹೆಸರು ಬರುತ್ತದೆ. ದೊಡ್ಡ ದೇಶಕ್ಕೆ ಒಬ್ಬ ಓಟಗಾರ ಹೋದರೆ ಇನ್ನು ನೂರು ಜನ ಇದ್ದಾರೆ. ಒಂದು ಬಸ್ಸಿನ ತಂಡಕ್ಕೆ ಆ ಕಳಂಕ ತೊಳೆಯಲು ಎಷ್ಟು ವರ್ಷ ಬೇಕು? ಚೀಟಿ ಇಲ್ಲದ ಬಾಟಲಿ ತಂಡದ ಜೊತೆ ಹೋಗುವ ಹಾಗಿಲ್ಲ.

ನನ್ನನ್ನು ಒಳಗೆ ಕರೆದು, ಅದರಲ್ಲಿ ಅಫೀಮೇನಾದರೂ ಇದೆಯಾ ಎಂದು ಕೇಳಿದರು. ಇಲ್ಲ ಸಾರ್ ಎಂದೆ. ನಿಮಗೆ ಹೇಗೆ ಗೊತ್ತು ಎಂದರು. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಹೊರಗೆ ಬಂದೆ.

ಆಮೇಲೆ ಮನೆಗೆ ಬಂದು ಯೋಚಿಸುತ್ತ ಕೂತೆ. ಕೂತದ್ದೇ ತಪ್ಪಾಯಿತು. ಕೊಗ್ಗ ಮಾವ ತೀರಿಕೊಂಡದ್ದು ಎಪ್ಪತ್ತೊಂಬತ್ತರ ನವೆಂಬರಿನಲ್ಲಿ. ಆಗ ನಿನ್ನ ಕಫೀಲ್ ಹಜ್ಜಿಗೆ ಹೋಗಿದ್ದ, ಪಾಸ್‌ಪೋರ್ಟು ಅವನ ಕಪಾಟಿನಲ್ಲಿತ್ತು, ಕೀಲಿ ಅವನ ಜೊತೆ ಹೋಗಿತ್ತು. ಟೆಲಿಗ್ರಾಂ ಹಿಡಿದುಕೊಂಡು ನೀನು ನನ್ನ ಮನೆಗೆ ಬಂದು ಎರಡು ದಿನ ಊಟ ಮಾಡದೆ ಕೂತದ್ದು ನನಗೆ ನೆನಪಿದೆ. ಹಾಗಾದರೆ ಮಾವ ಕಿವಿಯಲ್ಲಿ ಹೇಳಿದ್ದು ಯಾವಾಗ? ನಿನ್ನನ್ನು ಸಿಕ್ಕಿಸಲು ಕೇಳುತ್ತಿಲ್ಲ. ಆದರೆ ಕೇಳಬೇಕು ಅನಿಸಿತು.

ಒಂದು ದಾರಿ ಇದೆ. ನನಗೆ ಒಂದು ಚಮಚ ಎಣ್ಣೆ ಸಣ್ಣ ಶೀಷೆಯಲ್ಲಿ ಕಳಿಸು. ಡೊರೊತಿಯ ತಮ್ಮ ಎಡ್ಮಂಡ್ ಉಡುಪಿಯಲ್ಲಿ ಮದ್ದಿನ ಅಂಗಡಿ ಇಟ್ಟಿದ್ದಾನಲ್ಲ, ಅವನಿಗೆ ಪರೀಕ್ಷೆ ಮಾಡುವವರ ಪರಿಚಯ ಇದೆ. ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನ,
ಬೊನಿಫಾಸ್

~

ಸಹಮ್,
25 ಜುಲೈ 1986

ಶ್ರೀ ಬೊನಿಫಾಸ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಎಡ್ಮಂಡರ ಹೆಸರು ಕೊನೆಯ ಸಾಲಿನಲ್ಲಿ ಬಂದದ್ದು ಒಳ್ಳೆಯದಾಯಿತು, ಮೊದಲಿನ ಪುಟಗಳೆಲ್ಲ ಯಾಕೆಂದು ಆಗ ತಿಳಿಯಿತು.

ಎರಡು ವರ್ಷದ ಹಿಂದೆ ಎಡ್ಮಂಡರು ಮಸ್ಕತ್ತಿಗೆ ಬಂದಿದ್ದಾಗ ನಿಮ್ಮ ಮನೆಯ ಸೋಫಾದ ಮೇಲೆ ಕೂತು, ನನ್ನ ಮಾವನ ಎಣ್ಣೆಗೆ ಒಂದು ಹೆಸರಿಟ್ಟು ಬಾಟಲಿಯಲ್ಲಿ ತುಂಬಿದರೆ ಊರಲ್ಲೆಲ್ಲ ಹೋಗುತ್ತದೆ ಎಂದು ನನಗೆ ಹೇಳಿದ್ದು ನೀವು ಮರೆತಿರಬಹುದು. ನೀವೂ ನಕ್ಕಿದ್ದಿರಿ. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಈಗ ಡಾಕ್ಟರರು, ಮೂತ್ರ, ದೇಶದ ಮರ್ಯಾದೆ ಎಲ್ಲ ಸೇರಿಸಿ ಕೇಳಿದರೂ ಕೇಳುತ್ತಿರುವುದು ಅದೇ ಒಂದು ಚಮಚ.

ಮಾವ ತೀರಿಕೊಂಡಾಗ ನಾನು ಇಲ್ಲಿದ್ದೆ. ಅದನ್ನು ನನಗೆ ನೆನಪು ಮಾಡಿಕೊಡಲು ನಿಮಗೆ ಟೈಪ್ ಮಿಷಿನ್ ಬೇಕಾಯಿತಾ? ಏಳು ವರ್ಷದಿಂದ ನಾನು ಮರೆಯಲಿಲ್ಲ. ಅಳಿಯ ಇಲ್ಲದಿದ್ದರೆ ಒಡಹುಟ್ಟಿದ ತಂಗಿಗೆ ಹೇಳುವುದು, ಅವಳು ಮಗನಿಗೆ ದಾಟಿಸುವುದು. ಮಾವ ನನ್ನ ಅಮ್ಮನ ಕಿವಿಯಲ್ಲಿ ಹೇಳಿದ್ದಾರೆ. ಅಮ್ಮ ಮಾಡಿ ಕಳಿಸುತ್ತಾಳೆ. ಅವಳ ಕಾಲ ಬಂದಾಗ ನನಗೆ ಹೇಳುತ್ತಾಳೆ. ಇಷ್ಟು ಸಾಕಲ್ಲವೇ? ನನ್ನ ಮನೆಯ ಒಳಗಿನ ಸಂಗತಿಯನ್ನು ಮೊದಲ ಸಲ ಬೇರೆಯವರಿಗೆ ಬರೆಯುತ್ತಿದ್ದೇನೆ, ಅದಕ್ಕೂ ನೀವೇ ಕಾರಣ.

ಏಳನೆಯ ಕಾಲಂ ಖಾಲಿಯೇ ಇರುತ್ತದೆ.

ಇಂತಿ,
ದೇಜಪ್ಪ

~

ರೂವಿ,
13 ಆಗಸ್ಟ್ 1986

ಶ್ರೀ ದೇಜಪ್ಪನವರಿಗೆ,

ಮಾಲೀಶಿನವರ ಜಾಗವನ್ನು ತಂಡದಿಂದ ತೆಗೆದಿದ್ದಾರೆ. ನಿಮ್ಮ ಹೆಸರನ್ನು ಹೊಡೆದದ್ದು ನಾನಲ್ಲ. ಹೊಡೆದ ಪಟ್ಟಿಯನ್ನು ಮತ್ತೆ ಟೈಪ್ ಮಾಡಿದ್ದು ನಾನು, ಅದು ನನ್ನ ಕೆಲಸ.

ಆ ಜಾಗಕ್ಕೆ ಪಟ್ಟಿ, ಪತ್ರ, ಫಲಿತಾಂಶ ಟೈಪ್ ಮಾಡಲು ಒಬ್ಬರು ಬೇಕೆಂದು ನನ್ನನ್ನು ಹಾಕಿದ್ದಾರೆ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ಒಳ್ಳೆಯದು ಎಂದು ಬರೆದೆ. ನೀವು ಏನು ತಿಳಿದುಕೊಳ್ಳುತ್ತೀರಿ ಎಂದು ನನಗೆ ಗೊತ್ತು.

ಸಲೀಂ ಮೊನ್ನೆಯವರೆಗೆ ಎರಡು ದಿನ ಅಭ್ಯಾಸಕ್ಕೆ ಬರಲಿಲ್ಲ. ಆ ಎಣ್ಣೆ ಇಲ್ಲದೆ ಓಡುವುದಿಲ್ಲ ಎಂದು ಕೂತಿದ್ದ. ನಿನ್ನೆಯಿಂದ ಇದ್ದಕ್ಕಿದ್ದಂತೆ ನಗುತ್ತಾ ಬರುತ್ತಿದ್ದಾನೆ. ಮಧ್ಯದಲ್ಲಿ ಒಂದು ದಿನ ಸಹಮ್‌ಗೆ ಹೋಗಿ ಬಂದನಂತೆ. ನಾನು ಏನೂ ಕೇಳಲಿಲ್ಲ. ಬ್ಯಾಗುಗಳನ್ನು ಒಂದೊಂದಾಗಿ ತೆರೆದು ಪಟ್ಟಿ ಮಾಡುವ ಕೆಲಸವೂ ನನ್ನದೇ ಎಂದು ಮಾತ್ರ ತಿಳಿಸುತ್ತೇನೆ.

ಇಂತಿ,
ಬೊನಿಫಾಸ್

~

ಸಿಯೋಲ್,
2 ಅಕ್ಟೋಬರ್ 1986
(ಚಿತ್ರದ ಕಾರ್ಡು)

ದೇಜಪ್ಪ,

ಸಲೀಂ ಇವತ್ತು ಓಡಿದ. ತನ್ನ ಗುಂಪಿನಲ್ಲಿ ಐದನೆಯವನು, ಮುಂದಿನ ಸುತ್ತಿಗೆ ಇಲ್ಲ. ಆದರೆ ಈವರೆಗೆ ಓಡಿದ್ದಕ್ಕಿಂತ ಒಂದು ಸೆಕೆಂಡು ಕಡಿಮೆಯಲ್ಲಿ ಮುಟ್ಟಿದ. ಮ್ಯಾನೇಜರರು ಅತ್ತರು. ಇಷ್ಟು ದೊಡ್ಡ ಕ್ರೀಡಾಂಗಣದಲ್ಲಿ ನಮಗಾಗಿ ಕೂಗಿದವರು ಹದಿನಾಲ್ಕು ಜನ, ನನ್ನನ್ನೂ ಸೇರಿಸಿ. ನಿನಗೆ ಮೊದಲು ತಿಳಿಸಬೇಕು ಎಂದು ಅವನೇ ಹೇಳಿದ. ಕಾಲು ಸರಿಯಾಗಿದೆ.

ಬೊನಿಫಾಸ್

~

ಸಹಮ್,
24 ಅಕ್ಟೋಬರ್ 1986

ಶ್ರೀ ಬೊನಿಫಾಸ್ ಅವರಿಗೆ,

ಕಾರ್ಡು ಬಂತು. ಸಲೀಂ ಅದಕ್ಕಿಂತ ಮೊದಲೇ ಬಂದ. ಅವನ ತಾಯಿ ನನಗೆ ಹಲ್ವಾದ ಬೋಗುಣಿ ಕಳಿಸಿದ್ದಾಳೆ. ಕಫೀಲ್ ಅಂಗಡಿಗೆ ಬಂದವರಿಗೆಲ್ಲ, ಇವನ ಎಣ್ಣೆಯೇ ಸಿಯೋಲಿನಲ್ಲಿ ಓಡಿದ್ದು ಎಂದು ಹೇಳುತ್ತಿದ್ದಾನೆ. ಪಂಪ್ ತೆಗೆದುಕೊಂಡು ಬಂದವರು ಕಾಲು ತೋರಿಸಿ ಹೋಗುತ್ತಿದ್ದಾರೆ.

ಹೌದು, ಎಣ್ಣೆ ಸಿಯೋಲಿಗೆ ಹೋಗಿತ್ತು. ಈಗ ಹೇಳುವುದಕ್ಕೆ ಅಡ್ಡಿಯಿಲ್ಲ. ಸಲೀಂನ ಕಾಫಿಯ ಫ್ಲಾಸ್ಕಿನಲ್ಲಿ ತುಂಬಿ ಕಳಿಸಿದವನು ನಾನೇ. ನಿಮ್ಮ ಡಾಕ್ಟರರ ಮೂಗಿಗೆ ಸಿಗಲಿಲ್ಲ, ನಿಮ್ಮ ಪಟ್ಟಿಗೂ ಸಿಗಲಿಲ್ಲ. ಮೂತ್ರದಲ್ಲಿ ಏನೂ ಬರಲಿಲ್ಲವಲ್ಲ? ಅಫೀಮು ಅಂದಿರಿ. ಕಿವಿಯಲ್ಲಿ ಯಾವಾಗ ಹೇಳಿದರು ಅಂದಿರಿ. ನನ್ನನ್ನು ಬಿಟ್ಟು ನೀವು ವಿಮಾನ ಹತ್ತಿದಿರಿ, ನನ್ನ ಮಾವನ ಎಣ್ಣೆಯನ್ನು ಬಿಟ್ಟು ಹೋಗಲು ನಿಮ್ಮಿಂದ ಆಗಲಿಲ್ಲ.

ಆ ಒಂದು ಸೆಕೆಂಡು ಕೊಗ್ಗ ಮಾವನದು. ಅದನ್ನು ನಿಮ್ಮ ಫಲಿತಾಂಶದ ಪಟ್ಟಿಯಲ್ಲಿ ಟೈಪ್ ಮಾಡಿ.

ಇಂತಿ,
ದೇಜಪ್ಪ

~

ರೂವಿ,
5 ನವೆಂಬರ್ 1986

ದೇಜಪ್ಪ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ನೀನು ಖುಷಿಯಲ್ಲಿದ್ದೀಯ, ಹಾಗೆಯೇ ಇರಲಿ ಎಂದು ಡೊರೊತಿ ಹೇಳಿದಳು. ಆದರೆ ಶುಕ್ರವಾರ ಚರ್ಚಿನಲ್ಲಿ ಪಾಪನಿವೇದನೆಗೆ ಕೂತಾಗ ಬಾಯಿಗೆ ಮೊದಲು ಬಂದದ್ದು ಇದೇ. ಪಾದ್ರಿಗಳು, ಇದನ್ನು ನನಗಲ್ಲ, ಅವನಿಗೆ ಹೇಳು ಎಂದರು.

ಫ್ಲಾಸ್ಕು ನನಗೆ ಸಿಕ್ಕಿತ್ತು. ಹುಡುಕಿ ಸಿಕ್ಕಿದ್ದಲ್ಲ. ಹೊರಡುವ ಹಿಂದಿನ ದಿನ ಬ್ಯಾಗು ತೆರೆದು ಪಟ್ಟಿ ಮಾಡುತ್ತಿದ್ದೆ, ದಣಿವಾಗಿತ್ತು, ಸಲೀಂನ ಫ್ಲಾಸ್ಕಿನಿಂದ ಒಂದು ಕಪ್ಪು ಕಾಫಿ ಬಗ್ಗಿಸಿಕೊಳ್ಳೋಣ ಎಂದುಕೊಂಡೆ. ಕಪ್ಪಿಗೆ ಹಸಿರು ಎಣ್ಣೆ ಬಿತ್ತು.

ಡಾಕ್ಟರರಿಗೆ ಹೇಳಿದ್ದರೆ ಸಲೀಂ ಆ ದಿನವೇ ಪಟ್ಟಿಯಿಂದ ಹೊರಗೆ. ಹೇಳದೆ ಹಾಗೆಯೇ ಬಿಟ್ಟರೆ, ಅದರಲ್ಲಿ ಏನಿದೆಯೋ ಏನೋ ಎಂಬ ಭಯ. ನಾನು ನಿನ್ನನ್ನು ನಂಬಲಿಲ್ಲ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಮೂರು ಕಾಗದ ಹಾಳು ಮಾಡಿದೆ, ಬೇರೆ ರೀತಿ ಇಲ್ಲ. ಫ್ಲಾಸ್ಕನ್ನು ಮನೆಗೆ ತಂದು ಎಣ್ಣೆಯನ್ನು ಬಚ್ಚಲಿಗೆ ಸುರಿದೆ. ಸೋಪು ಹಾಕಿ ತೊಳೆದೆ. ಕೆಳಗಿನ ಮಲಯಾಳಿಯ ಅಂಗಡಿಯಿಂದ ತೆಂಗಿನೆಣ್ಣೆ ತಂದೆ. ಬಣ್ಣ ಬರಬೇಕಲ್ಲ, ಡೊರೊತಿ ತನ್ನ ಕುಂಡದ ಕರಿಬೇವು ಕಿತ್ತು ಅರೆದು ಅದರಲ್ಲಿ ಕಾಯಿಸಿ ಸೋಸಿಕೊಟ್ಟಳು. ಒಗ್ಗರಣೆಯ ಪರಿಮಳ ಬರುತ್ತದೆ ಅಂದೆ. ಕಾಫಿಯ ವಾಸನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ ಅಂದಳು. ಅದನ್ನೇ ತುಂಬಿ ಬ್ಯಾಗಿನಲ್ಲಿ ಇಟ್ಟೆ.

ಸಲೀಂಗೆ ಗೊತ್ತಿಲ್ಲ. ಓಟದ ಮೊದಲು ಅವನು ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನಲ್ಲಿ ಒಬ್ಬನೇ ಕೂತು ತನ್ನ ತೊಡೆಯನ್ನು ತಾನೇ ತಿಕ್ಕಿಕೊಳ್ಳುತ್ತಿದ್ದ. ಮೊಣಕಾಲಿನಿಂದ ಮೇಲಕ್ಕೆ, ಹೆಬ್ಬೆರಳು ಒತ್ತಿ, ನೀನು ತಿಕ್ಕುವ ಹಾಗೆಯೇ. ಬಾಯಲ್ಲಿ ಏನೋ ಹೇಳುತ್ತಿದ್ದ. ದುವಾ, ದೇವರ ಪ್ರಾರ್ಥನೆ ಇರಬೇಕೆಂದು ದೂರ ನಿಂತೆ. ಆಮೇಲೆ ಕೇಳಿಸಿತು: ಒಂಜಿ, ರಡ್ಡ್, ಮೂಜಿ, ನಾಲ್. ಆ ಊರಿನಲ್ಲಿ, ಅಷ್ಟು ದೇಶದ ಜನರ ನಡುವೆ, ಒಬ್ಬ ಒಮಾನಿ ಹುಡುಗ ನಿನ್ನ ಹಾಗೆ ತುಳುವಿನಲ್ಲಿ ಎಣಿಸುತ್ತಿದ್ದ. ನನಗೆ ನಿಲ್ಲಲಾಗಲಿಲ್ಲ, ಹೊರಗೆ ಹೋದೆ.

ಬೈಯುವುದಾದರೆ ಬೈ. ಶ್ರೀ ಎಂದು ಮಾತ್ರ ಬರೆಯಬೇಡ.

ಬೊನಿಫಾಸ್

~

ಸಹಮ್,
14 ನವೆಂಬರ್ 1986

ಶ್ರೀ ಬೊನಿಫಾಸ್ ಅವರಿಗೆ,

ಸುರಿದದ್ದು ಎಲ್ಲವೂ ಬಚ್ಚಲಿಗೆ ಹೋಯಿತೋ, ಎಡ್ಮಂಡರಿಗಾಗಿ ಒಂದು ಚಮಚ ಉಳಿಯಿತೋ, ಅದನ್ನು ಬರೆಯಲಿಲ್ಲ. ಬರೆಯುವುದೂ ಬೇಡ. ಖಲಾಸ್.

ದೇಜಪ್ಪ

~

ರೂವಿ,
20 ಡಿಸೆಂಬರ್ 1987

ಪ್ರೀತಿಯ ದೇಜಪ್ಪ,

ಬರೆಯಬೇಡ ಎಂದು ನೀನು ಅಂದಿದ್ದೆ. ಒಂದು ವರ್ಷ ಬರೆಯಲಿಲ್ಲ, ಹೋದ ಕ್ರಿಸ್‌ಮಸ್ಸಿಗೂ ನೀನು ಬರಲಿಲ್ಲ. ಹಮದ್‌ನ ಟ್ಯಾಕ್ಸಿಯಲ್ಲಿ ಹಬ್ಬದ ತಿಂಡಿ, ಕುಸ್ವಾರ್ ಕಳಿಸಿದ್ದೇನೆ. ನೆವ್ರಿ ನಿನಗೆಂದೇ ಡೊರೊತಿ ಹೆಚ್ಚು ಹಾಕಿದ್ದಾಳೆ.

ಡಬ್ಬದ ಅಡಿಯಲ್ಲಿ ಒಂದು ಸಣ್ಣ ಶೀಷೆ ಇದೆ. ನಿನ್ನ ಅನುಮಾನ ಸರಿ. ಆ ದಿನ ಎಲ್ಲವನ್ನೂ ಬಚ್ಚಲಿಗೆ ಸುರಿಯಲಿಲ್ಲ, ಒಂದು ಚಮಚ ಉಳಿಸಿದ್ದೆ. ಪರೀಕ್ಷೆಗೆ ಕಳಿಸುವ ಯೋಚನೆಯಿಂದಲೇ ಉಳಿಸಿದ್ದು, ಸುಳ್ಳು ಹೇಳುವುದಿಲ್ಲ. ಸಿಯೋಲಿನಿಂದ ಬಂದ ಮೇಲೆ ಕಳಿಸಲಾಗಲಿಲ್ಲ. ಎಡ್ಮಂಡ್ ಎರಡು ಸಲ ಕೇಳಿ ಬರೆದ, ಚೆಲ್ಲಿ ಹೋಯಿತು ಅಂದೆ. ಆ ದಿನ ನಾನೇ ಹಾಕಿದ ಮೇಣದ ಮುದ್ರೆ ಹಾಗೆಯೇ ಇದೆ, ಒಡೆದಿಲ್ಲ, ಪರೀಕ್ಷಿಸಿ ನೋಡು. ನಿಮ್ಮ ಮನೆಯದ್ದು ನಿಮ್ಮ ಮನೆಗೆ ಸೇರಲಿ.

ನಿನ್ನ,
ಬೊನಿಫಾಸ್

~

ಸಹಮ್,
18 ನವೆಂಬರ್ 1988

ಪ್ರೀತಿಯ ಬೊನಿ,

ಈ ಅಕ್ಷರ ನೋಡಿ ಇದೇನು ಹೊಸ ನಾಟಕ ಎಂದು ನೀನು ಅನುಮಾನಪಟ್ಟರೆ ತಪ್ಪಲ್ಲ. ನಾನೂ ಹನ್ನೊಂದು ತಿಂಗಳ ಹಿಂದೆ ನಿನ್ನ ಶೀಷೆಯನ್ನು ಬೆಳಕಿಗೆ ಹಿಡಿದು, ಮೇಣವನ್ನು ಉಗುರಿನಿಂದ ಕೆದಕಿ, ಮತ್ತೆ ಹಾಕಿದ ಗುರುತು ಇದೆಯಾ ಎಂದು ನೋಡಿದವನೇ. ಇರಲಿಲ್ಲ. ನೆವ್ರಿ ತಿಂದೆ, ಉತ್ತರ ಬರೆಯಲಿಲ್ಲ. ಅಷ್ಟು ಹಟ ನನ್ನದು.

ಆಗಸ್ಟಿನಲ್ಲಿ ರಜೆ ಸಿಕ್ಕಿತು, ಊರಿಗೆ ಹೋದೆ. ಶೀಷೆಯನ್ನು ಅಂಗಿಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದೆ. ಅಮ್ಮನಿಗೆ ಈಗ ಎಪ್ಪತ್ತನಾಲ್ಕು. ಕಣ್ಣು ಮಂಜು, ಮಾತು ಮಾತ್ರ ಮೊದಲಿನಷ್ಟೇ ಚುರುಕು. ಸುಂದರಿಯ ಮನೆಗೆ ಟಿ.ವಿ. ಬಂದಿದೆ. ಸೆಪ್ಟೆಂಬರಿನಲ್ಲಿ ಸಿಯೋಲಿನ ಒಲಿಂಪಿಕ್ಸ್ ಶುರುವಾದ ದಿನ ಅಕ್ಕಪಕ್ಕದವರೆಲ್ಲ ನಡುಮನೆಯಲ್ಲಿ ಕೂತಿದ್ದರು. ಒಂದೊಂದೇ ದೇಶ ಬಾವುಟ ಹಿಡಿದು ನಡೆಯಿತು. ಒಮಾನ್ ಬಂತು, ಬೆರಳೆಣಿಕೆಯ ಜನ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನಾನು ಎದ್ದು ನಿಂತುಬಿಟ್ಟೆ. ನಿನ್ನ ಹುಡುಗ ಎಲ್ಲಿ ಎಂದು ಅಮ್ಮ ಕೇಳಿದಳು. ಅವನು ಹೋದ ಸಲವೇ ಓಡಿ ಮುಗಿಸಿದ, ಈಗ ಮದುವೆಯಾಗಿ ಮುನಿಸಿಪಾಲಿಟಿಯಲ್ಲಿದ್ದಾನೆ ಎಂದೆ. ನಮ್ಮ ಎಣ್ಣೆ ಹಚ್ಚಿ ಓಡಿದ್ದಲ್ವಾ ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನನಗೆ ಸಿಟ್ಟು ಉಕ್ಕಿತು. ಇಲ್ಲ ಎಂದು ನಿನ್ನ ಕಥೆಯನ್ನೆಲ್ಲ ಅಲ್ಲೇ ಹೇಳಿದೆ: ಬಚ್ಚಲು, ಮಲಯಾಳಿಯ ಅಂಗಡಿ, ಡೊರೊತಿಯ ಕರಿಬೇವು. ಹೇಳಿ, ಶೀಷೆಯನ್ನು ಅವಳ ಕೈಯಲ್ಲಿಟ್ಟು, ಮಾವನ ಎಣ್ಣೆಯಲ್ಲಿ ಆ ಪಾಪಿ ಉಳಿಸಿದ್ದು ಇಷ್ಟೇ, ಇನ್ನು ತಡ ಮಾಡಬೇಡ, ನನಗೆ ಹೇಳಿಕೊಡು ಎಂದೆ.

ಅಮ್ಮ ಶೀಷೆಯನ್ನು ಸೆರಗಿನ ತುದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಸುಂದರಿ ಎದ್ದು ಅಡುಗೆಮನೆಗೆ ಹೋದಳು. ಅವಳು ಹೋದ ರೀತಿ ನೋಡಿದಾಗಲೇ ನನಗೆ ಏನೋ ಇದೆ ಅನಿಸಿತು. ಜನ ಎದ್ದು ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಕಿವಿಯಲ್ಲಿ ಹೇಳುತ್ತಾಳೆ ಎಂದು ನಾನು ತಲೆ ಬಗ್ಗಿಸಿದೆ. ಅವಳು ಕಿವಿಯಲ್ಲಿ ಹೇಳಲಿಲ್ಲ, ಮುಖ ನೋಡಿ ಹೇಳಿದಳು.

“ನಿನ್ನ ಮಾವ ನಂಗೆ ಎಂತದೂ ಹೇಳ್ಲಿಲ್ಲ ಮಗಾ. ಅಳಿಯ ಬರ್ಲಿ, ಅವನಿಗೇ ಹೇಳ್ತೇನೆ ಅಂತ ಐದು ದಿನ ಬಾಗ್ಲು ನೋಡ್ತಾ ಇದ್ದ. ಮದ್ದು ಅವನೊಟ್ಟಿಗೇ ಹೋಯ್ತು. ನೀನು ಬರ್ಲಿಲ್ಲ, ಅದಕ್ಕೇ ಹೋಯ್ತು ಅಂತ ನಿಂಗೆ ನಾನು ಹೇಗೆ ಬರೆಸುದು?”

ಅದಕ್ಕೆ ಅವಳು ಅಂಗಡಿಯಿಂದ ತೆಂಗಿನೆಣ್ಣೆ ತರಿಸಿದಳು. ಬಣ್ಣಕ್ಕೆ ವೀಳ್ಯದೆಲೆ, ಒಂದು ಚಿಟಿಕೆ ಅರಿಶಿನ. ಕಾಯಿಸಿ ಸೋಸುವವಳು ಸುಂದರಿ. ಒಂಬತ್ತು ವರ್ಷ ಇಬ್ಬರೂ ಸೇರಿ ಅದನ್ನೇ ಕಳಿಸಿದರು. ಹೇಳಿದರೆ ಗುಣ ಹೋಗುತ್ತದೆ ಎಂದು ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು. ಅದು ಸುಳ್ಳಲ್ಲವಲ್ಲ ಎಂದು ಈಗ ನನ್ನನ್ನೇ ಕೇಳುತ್ತಾಳೆ.

ಬೊನಿ, ನೀನು ಬಚ್ಚಲಿಗೆ ಸುರಿದದ್ದು ಕಟಪಾಡಿಯ ಅಂಗಡಿಯ ಎಣ್ಣೆ. ಅದರ ಬದಲಿಗೆ ತುಂಬಿದ್ದು ರೂವಿಯ ಅಂಗಡಿಯ ಎಣ್ಣೆ. ಡೊರೊತಿ ಕರಿಬೇವು ಹಾಕಿದಳು, ಅಮ್ಮ ವೀಳ್ಯದೆಲೆ ಹಾಕಿದಳು. ಇದಕ್ಕಾಗಿ ನಾವಿಬ್ಬರೂ ಎರಡು ವರ್ಷ ಶ್ರೀ, ಅವರಿಗೆ, ಇಂತಿ. ಹೇಳಿದರೆ ನಗು ಬರಬೇಕು. ನನಗೆ ಆ ದಿನ ನಗು ಬರಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾವನಿಗಾಗಿ ಅತ್ತೆ. ಎಪ್ಪತ್ತೊಂಬತ್ತರಲ್ಲಿ ನಿನ್ನ ಮನೆಯಲ್ಲಿ ಕೂತಾಗಲೂ ಹಾಗೆ ಅತ್ತಿರಲಿಲ್ಲ. ಐದು ದಿನ ಬಾಗಿಲು ನೋಡುತ್ತಾ ಇದ್ದರಂತೆ. ಕಿವಿಯಲ್ಲಿ ಹೇಳಿದ್ದು ಯಾವಾಗ ಎಂದು ನೀನು ಕೇಳಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಅಮ್ಮನನ್ನು ಅದೇ ಪ್ರಶ್ನೆ ಕೇಳುವ ಧೈರ್ಯ ನನಗೆ ಏಳು ವರ್ಷವೂ ಆಗಿರಲಿಲ್ಲ. ನಿನ್ನ ಮೇಲೆ ಅನುಮಾನಪಡುವುದು ಸುಲಭವಿತ್ತು, ನೀನು ಹತ್ತಿರದಲ್ಲಿದ್ದೆ.

ಊರಿನಿಂದ ಬಂದ ಮೇಲೆ ಪಂಪ್ ತರುವವರು ಕಾಲು ತೋರಿಸಿದರೆ, ಇದು ಬರೀ ತೆಂಗಿನೆಣ್ಣೆ ಎಂದು ಮೊದಲೇ ಹೇಳುತ್ತೇನೆ. ಹೇಳಿದರೂ ಬರುತ್ತಾರೆ. ಸಲೀಂಗೂ ಹೇಳಿದೆ. ಅವನು, ಪರವಾಗಿಲ್ಲ, ಎಣಿಸಿದ್ದು ಸರಿಯಾಗಿತ್ತಲ್ಲ ಎಂದ. ಮಗುವಿಗೆ ಎಣ್ಣೆ ತಿಕ್ಕುವಾಗಲೂ ಒಂಜಿ ರಡ್ಡ್ ಅನ್ನುತ್ತಾನಂತೆ, ಹೆಂಡತಿ ನಗುತ್ತಾಳಂತೆ.

ನೀನು ಕಳಿಸಿದ ಫಾರಂನ ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲಿ ಉಳಿದಿತ್ತು. ಇದರ ಜೊತೆ ಇಟ್ಟಿದ್ದೇನೆ. ಏಳನೆಯ ಕಾಲಂ ತುಂಬಿದ್ದೇನೆ: ತೆಂಗಿನೆಣ್ಣೆ, ವೀಳ್ಯದೆಲೆ, ಅರಿಶಿನ, ತಯಾರಿಸಿದವರು ನನ್ನ ಅಮ್ಮ ಅಪ್ಪಿ. ಇಂಗ್ಲಿಷು ನೀನು ಮಾಡು. ಡಾಕ್ಟರರು ಇನ್ನೂ ಅಲ್ಲಿದ್ದರೆ ತೋರಿಸು.

ಇನ್ನೊಂದು ಮಾತು. ನಾನು ಲೆಕ್ಕ ಹಾಕಿ ನೋಡಿದೆ. ಎಪ್ಪತ್ತೇಳರಲ್ಲಿ ನಾನು ಬರುವಾಗ ಮಾವ ತನ್ನ ಕೈಯಾರೆ ಕಾಯಿಸಿ ಕೊಟ್ಟದ್ದು ಒಂದೇ ಬಾಟಲಿ. ಅದನ್ನು ನಾನು ತೆರೆದದ್ದು ನೀನು ಮುತ್ರಾದಲ್ಲಿ ಬಿದ್ದಾಗ, ಒಂಬತ್ತು ಸಂಜೆಯಲ್ಲಿ ಅದು ಮುಗಿಯಿತು. ಮಾವನ ಮದ್ದು ಈಗ ಎಲ್ಲಾದರೂ ಉಳಿದಿದ್ದರೆ ಅದು ನಿನ್ನ ಎಡ ಮೊಣಕಾಲಿನಲ್ಲಿ. ಬರುವ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಡೊರೊತಿಯನ್ನು ಕರೆದುಕೊಂಡು ಸಹಮ್‌ಗೆ ಬಾ. ಒಮ್ಮೆ ಅದನ್ನು ಮುಟ್ಟಿ ನೋಡಬೇಕು.

ನಿನ್ನ,
ದೇಜಪ್ಪ